ಕರ್ನಲ್ ಮೆಡೋಸ್ ಟೇಲರನ ಚರಿತ್ರೆ

ಕಮಠಾಣದಲ್ಲಿಯೂ ಬೀದರ, ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿಯೂ ಇರುವ ನಮ್ಮ ಸಭೆಯವರು ಸೊಲ್ಲಾಪುರದ ದಾರಿಯನ್ನು ಬಲ್ಲರು. ಹುಮನಾಬಾದನ್ನು ದಾಟಿ ಪಶ್ಚಿಮಕ್ಕೆ ಹೋದರೆ ನಳದುರ್ಗದ ಕೋಟೆ ಸಿಕ್ಕುತ್ತದೆ. ಅದಕ್ಕೆ ಸಮೀಪದಲ್ಲಿ ತುಳಜಾಪುರವಿದೆ. ದಕ್ಷಿಣಕ್ಕೆ ಕಲಬುರಗಿಯನ್ನೂ ಭೀಮಾ ನದಿಯನ್ನೂ ದಾಟಿದರೆ, ಈಗಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರದ ಗುಡ್ಡಗಳು ಕಾಣುತ್ತವೆ. 1948ನೆಯ ಇಸವಿಯ ವರೆಗೆ ಇವೆಲ್ಲವೂ, ನಮ್ಮ ಬೀದರದಂತೆಯೇ, ಹೈದರಾಬಾದಿನ ನಿಜಾಮನ ರಾಜ್ಯಕ್ಕೆ ಸೇರಿದ್ದವು. ಈ ಸೀಮೆಗಳಲ್ಲಿ ತನ್ನ ಆಯುಷ್ಯದ ಮುಖ್ಯ ಭಾಗವನ್ನು ಕಳೆದ ಒಬ್ಬ ದಂಡಿನ ಅಧಿಕಾರಿಯ ಚರಿತ್ರೆಯನ್ನು ಈ ತಿಂಗಳು ನಾವು ಬರೆಯುತ್ತೇವೆ. ಈತನು ಮಿಶನೆರಿಯಲ್ಲ, ಉಪದೇಶಿಯಲ್ಲ; ಸಿಪಾಯಿಗಳ ಮೇಲಿನ ಸರದಾರನು, ಅನಂತರ ಸೀಮೆಯನ್ನು ಆಳಿದವನು. ಆದರೂ ಕೈಯಲ್ಲಿ ಕತ್ತಿಯಿದ್ದವನು ಕತ್ತಿಗಿಂತ ಜನರ ನಂಬಿಕೆಯೇ ಬಲವಾದದ್ದೆಂದು ಹೇಗೆ ಕಲಿತನು, ಮತ್ತು ಆ ನಂಬಿಕೆಯೂ ಸಾಲದೆ ಹೋದ ಒಂದು ದಿನವನ್ನು ಹೇಗೆ ಕಂಡನು ಎಂಬದನ್ನು ನಾವು ತಿಳಿಯುವದು ಹಿತಕರವಾಗಿದೆ.

ಫಿಲಿಪ್ ಮೆಡೋಸ್ ಟೇಲರನು 1808ನೆಯ ಇಸವಿ ಸೆಪ್ಟೆಂಬರ 25ರಲ್ಲಿ ಇಂಗ್ಲಂಡಿನ ಲಿವರಪೂಲ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದನು. ತಂದೆಯು ವರ್ತಕನು, ಆದರೆ ವ್ಯಾಪಾರವು ಕೆಟ್ಟು ಮನೆಯಲ್ಲಿ ಕಷ್ಟವು ಬಂತು. ಆದಕಾರಣ ಹುಡುಗನು ಹೆಚ್ಚು ಓದಲಿಕ್ಕಾಗದೆ ಎಳೆಯ ವಯಸ್ಸಿನಲ್ಲಿಯೇ ದುಡಿಯಬೇಕಾಯಿತು. ಮುಂಬಯಿಯ ಒಬ್ಬ ಆಂಗ್ಲ ವರ್ತಕನ ಕೋಠಿಯಲ್ಲಿ ಕಾರಕೂನನಾಗಿ ಸೇರಿ ಮುಂದೆ ಪಾಲುಗಾರನಾಗುವನೆಂಬ ಆಶೆಯಿಂದ ಅವನನ್ನು 1824ರಲ್ಲಿ ಹಡಗು ಹತ್ತಿಸಿದರು. ಆಗ ಅವನಿಗೆ ಹದಿನಾರು ವರುಷವೂ ತುಂಬಿರಲಿಲ್ಲ. ಬಂದು ನೋಡಿದರೆ ಆ ಕೋಠಿಯು ಸಾಲದಲ್ಲಿ ಮುಳುಗುವ ಸ್ಥಿತಿಯಲ್ಲಿತ್ತು. ಪರದೇಶದಲ್ಲಿ ಕೈ ಬರಿದಾದ ಈ ಹುಡುಗನ ಮೇಲೆ, ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ಬಂಧುವು ಕನಿಕರಪಟ್ಟು, ನಿಜಾಮನ ದಂಡಿನಲ್ಲಿ ಅವನಿಗೆ ಒಂದು ಚಾಕರಿಯನ್ನು ಕೊಡಿಸಿದನು. ಆ ದಂಡಿನ ಸಂಬಳವನ್ನು ನಿಜಾಮನು ಕೊಡುತ್ತಿದ್ದನು. ಅಧಿಕಾರಿಗಳು ಮಾತ್ರ ಆಂಗ್ಲರು. ಹೀಗೆ ಟೇಲರನು ಔರಂಗಾಬಾದಿನ ಛಾವಣಿಗೆ ಬಂದನು.

ಕಂಪನಿ ಸರಕಾರದ ದಂಡಿನಲ್ಲಿದ್ದವರಿಗೆ ಇದ್ದ ಮಾನವೂ ಬಡತಿಯೂ ನಿಜಾಮನ ಚಾಕರಿಯಲ್ಲಿ ಇರಲಿಲ್ಲ. ಟೇಲರನಾದರೋ ಅದನ್ನು ಹಚ್ಚಿಕೊಂಡು ಕೊರಗದೆ ಮೊದಲು ದೇಶದ ಮಾತುಗಳನ್ನು ಕಲಿತನು. ಹಿಂದೂಸ್ಥಾನಿಯನ್ನೂ ಮರಾಠಿಯನ್ನೂ ಜನರಂತೆ ಮಾತಾಡುವಷ್ಟು ಅಭ್ಯಾಸ ಮಾಡಿದನು, ಪಾರಸಿಯನ್ನೂ ಓದಿದನು. ದುಭಾಷಿಯ ಬಾಯಿಂದ ಕೇಳುವ ಅಧಿಕಾರಿಗೆ ಬಡವನ ದೂರು ಅರ್ಧವೇ ಮುಟ್ಟುತ್ತದೆ. ತಾನೇ ಕೇಳುವವನಿಗೆ ಪೂರ್ತಿಯಾಗಿ ಮುಟ್ಟುತ್ತದೆ. ಈ ಗುಣವನ್ನು ಕಂಡು ಮೇಲಿನವರು ಇಪ್ಪತ್ತು ವರುಷದೊಳಗಿನ ಪ್ರಾಯದಲ್ಲಿಯೇ ಅವನನ್ನು ನಿಜಾಮ ರಾಜ್ಯದ ನೈರುತ್ಯ ಭಾಗದ ಪೋಲೀಸು ಕೆಲಸಕ್ಕೆ ನೇಮಿಸಿದರು. ತುಳಜಾಪುರವು ಅವನ ಮುಖ್ಯ ಠಾಣ್ಯವಾಯಿತು. ಕುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ತಿರುಗುತ್ತಾ ದರೋಡೆಗಾರರನ್ನು ಹಿಡಿಯುವದು, ಮೇರೆಗಳ ವ್ಯಾಜ್ಯಗಳನ್ನು ತೀರಿಸುವದು, ಪೇಟೆಯ ಮೋಸವನ್ನು ವಿಚಾರಿಸುವದು ಇವೇ ಅವನ ಕೆಲಸಗಳಾಗಿದ್ದವು.

ಆ ಕಾಲದಲ್ಲಿ ದಾರಿಗರ ಸಂಗಡ ಸ್ನೇಹದಿಂದ ಕೂಡಿಕೊಂಡು, ಏಕಾಂತ ಸ್ಥಳದಲ್ಲಿ ಅವರ ಕೊರಳಿಗೆ ವಸ್ತ್ರ ಹಾಕಿ ಕೊಂದು ಹೂಳುತ್ತಿದ್ದ ಠಗ್ಗರೆಂಬ ಗುಂಪುಗಳಿದ್ದವು. ತನ್ನ ಸೀಮೆಯಲ್ಲಿ ಕೊಲೆಯಾದವರ ಹೆಣಗಳು ಸಿಕ್ಕಿದಾಗ ಟೇಲರನು ಈ ವಿಷಯದ ಜಾಡು ಹಿಡಿದನು. ಅಷ್ಟರಲ್ಲಿ, 1829ರಲ್ಲಿ ಹೊಸ ನಿಜಾಮನು ಪಟ್ಟಕ್ಕೆ ಬಂದು ಆಂಗ್ಲ ಅಧಿಕಾರಿಗಳನ್ನು ಸೀಮೆಗಳಿಂದ ಹಿಂದಕ್ಕೆ ಕರಿಸಿಕೊಳ್ಳಬೇಕೆಂದು ಕೇಳಿಕೊಂಡದ್ದರಿಂದ, ಅವನು ಕೆಲಸವನ್ನು ಅರ್ಧಕ್ಕೆ ಬಿಟ್ಟು ಪಟಾಲಮಿಗೆ ತಿರುಗಿ ಹೋಗಬೇಕಾಯಿತು. ಠಗ್ಗರ ಗುಟ್ಟನ್ನು ಬೈಲಿಗೆ ತಂದ ಹೆಸರು ಮಧ್ಯ ಹಿಂದೂಸ್ಥಾನದ ಸ್ಲೀಮನ್ ಎಂಬ ಅಧಿಕಾರಿಗೆ ಹೋಯಿತು. ಅಂದಿನ ಸರಕಾರವು ಠಗ್ಗರ ಸಂಖ್ಯೆಯನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳಿತೆಂದು ಈಗಿನ ಚರಿತ್ರಕಾರರಲ್ಲಿ ಕೆಲವರು ವಾದಿಸುತ್ತಾರೆ. ಅನಂತರ ಸೆರೆಸಿಕ್ಕ ಠಗ್ಗರ ಹೇಳಿಕೆಗಳನ್ನು ಟೇಲರನು ಸ್ವತಃ ಕೇಳಿ ಬರೆದುಕೊಂಡು, ರಜೆಯ ಮೇಲೆ ಇಂಗ್ಲಂಡಿಗೆ ಹೋಗಿದ್ದಾಗ 1839ರಲ್ಲಿ ಒಬ್ಬ ಠಗ್ಗನ ಕಥೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದನು. ವಿಕ್ಟೋರಿಯಾ ರಾಣಿಯು ಸಹ ಅದನ್ನು ಓದಿದಳು. ಅದರಿಂದ ಅವನಿಗೆ ಕೀರ್ತಿಯು ಬಂತು.

ಇದಕ್ಕೆ ಮುಂಚೆ ಅವನು ಹೈದರಾಬಾದಿನ ಸಾಹುಕಾರನಾದ ವಿಲಿಯಂ ಪಾಮರನ ಮಗಳಾದ ಮೇರಿಯನ್ನು ಮದುವೆಯಾಗಿದ್ದನು. ಪಾಮರನ ತಂದೆಯು ಆಂಗ್ಲ ಸೇನಾಪತಿ. ತಾಯಿಯು ಈ ದೇಶದ ಮುಸಲ್ಮಾನ ಕುಲೀನ ಸ್ತ್ರೀ. ಮಿಶ್ರ ರಕ್ತದವರನ್ನು ಅನೇಕ ಆಂಗ್ಲರು ಹಗುರವಾಗಿ ಕಾಣುತ್ತಿದ್ದ ಆ ದಿವಸಗಳಲ್ಲಿ ಟೇಲರನು ಅದನ್ನು ಲೆಕ್ಕಿಸಲಿಲ್ಲ. ಕುಲವನ್ನು ನೋಡಿ ಮನುಷ್ಯನನ್ನು ಅಳೆಯುವ ನೋವು ಏನೆಂಬದು ನಮ್ಮ ಸಭೆಗಳಲ್ಲಿ ಅನೇಕರಿಗೆ ತಿಳಿದೇ ಇದೆ. ಆದದರಿಂದ ಈ ಸಂಗತಿಯನ್ನು ನಾವು ಬಿಡದೆ ಬರೆದೆವು.

ಇನ್ನು ಸುರಪುರದ ವಿಷಯಕ್ಕೆ ಬರುತ್ತೇವೆ. ಅದು ಬೇಡ ನಾಯಕರ ಸಂಸ್ಥಾನವು. ಈ ನಾಯಕರ ಹಳೇ ಕೋಟೆಯಾದ ವಾಗಿನಗೇರಿಯನ್ನು ಹಿಡಿಯುವದಕ್ಕೆ ಔರಂಗಜೇಬ ಬಾದಶಹನು ತಾನೇ ದಂಡೆತ್ತಿ ಬಂದು 1705ರಲ್ಲಿ ಬಹು ಕಷ್ಟದಿಂದ ಅದನ್ನು ಗೆದ್ದನು. ಕೋಟೆಯು ಹೋದರೂ ಬೇಡರು ಅಡಗಲಿಲ್ಲ. ಅವರು ಶೂರರು, ಗುರಿಕಾರರು, ತಮ್ಮ ದೊರೆಗೆ ಪ್ರಾಣ ಕೊಡುವವರು. 1841ರ ಸುಮಾರಿಗೆ ಸಂಸ್ಥಾನವು ಕೆಟ್ಟ ಸ್ಥಿತಿಗೆ ಬಂದಿತ್ತು. ನಿಜಾಮನಿಗೆ ಕೊಡಬೇಕಾದ ಕಪ್ಪವು ಬಾಕಿ ಬಿದ್ದು ಸಾಲವು ಬೆಳೆದಿತ್ತು. ದೊರೆಯಾದ ಕೃಷ್ಣಪ್ಪ ನಾಯಕನು ತೀರಿಕೊಂಡಮೇಲೆ ಉಳಿದ ಮಗನು ವೆಂಕಟಪ್ಪ ನಾಯಕನೆಂಬ ಏಳೆಂಟು ವರುಷದ ಹುಡುಗನು. ರಾಣಿಯಾದ ಈಶ್ವರಮ್ಮನಿಗೂ ದೊರೆಯ ಸಹೋದರನಾದ ಪಿಡ್ಡ ನಾಯಕನಿಗೂ ಅಧಿಕಾರದ ವಿಷಯದಲ್ಲಿ ಹಗೆಯಿತ್ತು. ಇಂಥ ಸ್ಥಳಕ್ಕೆ ಹೈದರಾಬಾದಿನ ರೆಸಿಡೆಂಟನಾದ ಫ್ರೇಸರ್ ಸಾಹೇಬನು ಟೇಲರನನ್ನು ಕಳುಹಿಸಿದನು.

ಲಿಂಗಸೂಗೂರಿನಲ್ಲಿ ದಂಡು ಇತ್ತು. ಆದರೆ ದಂಡಿನಿಂದ ಗುಡ್ಡವನ್ನು ಹಿಡಿಯಬಹುದೇ ಹೊರತು ಜನರ ಮನಸ್ಸನ್ನು ಹಿಡಿಯಲಾಗದೆಂದು ಟೇಲರನು ತಿಳುಕೊಂಡನು. ಅವನು ಬೇಡರ ಮುಖಂಡರ ಸಂಗಡ ಬಹಿರಂಗವಾಗಿ ಕೂತು ಮಾತಾಡಿದನು. ಅವರ ಹಳೇ ಹಕ್ಕುಗಳು ಯಾವವೆಂದು ಕೇಳಿ ತಿಳುಕೊಂಡನು. ಕೊಟ್ಟ ಮಾತನ್ನು ನಡಿಸಿದನು. ಮೆಲ್ಲಗೆ ದಾರಿಯ ಸುಲಿಗೆಯು ಕಡಿಮೆಯಾಯಿತು. ಹೊಲ ಬಿಟ್ಟು ಓಡಿಹೋದ ರಯತರು ತಿರುಗಿ ಬಂದರು. ಶಾಲೆಯಲ್ಲಿ ಅವನು ಯಂತ್ರವಿದ್ಯೆಯನ್ನಾಗಲಿ ಕಾನೂನನ್ನಾಗಲಿ ಕಲಿತವನಲ್ಲ. ಆದರೂ ಪುಸ್ತಕಗಳನ್ನು ತರಿಸಿಕೊಂಡು, ರಾತ್ರಿಯಲ್ಲಿ ಓದಿ, ಹಗಲಲ್ಲಿ ದಾರಿಗಳನ್ನೂ ಕೆರೆಗಳನ್ನೂ ಅಳತೆ ಮಾಡಿ ಕಟ್ಟಿಸಿದನು. ಬೋನಾಳದ ದೊಡ್ಡ ಕೆರೆಯನ್ನು ಸರಿಪಡಿಸಿ ಹಿಗ್ಗಿಸಿದ ಕೆಲಸವು ಅವನದೇ. ಮಳೆಯನ್ನೇ ನಂಬಿದ ಎರೆಯ ಸೀಮೆಯಲ್ಲಿ ಕೆರೆಯೆಂದರೆ ಏನೆಂಬದನ್ನು ಒಕ್ಕಲಿಗರಾದ ನಮ್ಮ ವಾಚಕರಿಗೆ ಹೇಳಬೇಕಾದ್ದಿಲ್ಲ. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ಅಲ್ಲಿದೆ.

ಈ ವರುಷಗಳಲ್ಲಿ, 1844ರಲ್ಲಿ, ಅವನ ಹೆಂಡತಿಯು ತೀರಿಕೊಂಡಳು. ಹೆಣ್ಣು ಮಕ್ಕಳು ದೂರದ ಇಂಗ್ಲಂಡಿನಲ್ಲಿ ಬೆಳೆಯುತ್ತಿದ್ದರು. ಗುಡ್ಡದ ಮೇಲಿನ ಮನೆಯಲ್ಲಿ ಒಂಟಿಯಾಗಿ ಉಳಿದ ಆತನಿಗೆ ತಾಯಿಯ ಅರಮನೆಯಿಂದ ಬರುತ್ತಿದ್ದ ಹುಡುಗ ರಾಜನು ಮಗನಂತಾದನು. ಹುಡುಗನೂ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನು. ಟೇಲರನು ಅವನಿಗೆ ವಿದ್ಯೆ ಕಲಿಸುವದಕ್ಕೂ ಲೆಕ್ಕಪತ್ರ ನೋಡುವದನ್ನು ತಿಳಿಸುವದಕ್ಕೂ ಬಹಳ ಪ್ರಯಾಸಪಟ್ಟನು. ಆದರೆ ಅರಮನೆಯ ಒಳಗೆ ಬೇರೆ ಗಾಳಿ ಬೀಸುತ್ತಿತ್ತು. ಮುಖಸ್ತುತಿ ಮಾಡುವವರೂ ಭೋಗಕ್ಕೆ ಎಳೆಯುವವರೂ ಹುಡುಗನ ಸುತ್ತಲೂ ಇದ್ದರು. ಇದಲ್ಲದೆ, ರಾಜನು ಇಪ್ಪತ್ತುನಾಲ್ಕನೆಯ ವರುಷವನ್ನು ದಾಟುವದಿಲ್ಲವೆಂದು ಜೋಯಿಸರು ಜಾತಕ ಬರೆದು ರಾಣಿಗೆ ತಿಳಿಸಿದ್ದರೆಂದು ಟೇಲರನು ಬರೆದಿಟ್ಟಿದ್ದಾನೆ. ನಮ್ಮ ದಿವಸಗಳು ನಕ್ಷತ್ರಗಳ ಕೈಯಲ್ಲಿಲ್ಲ, ನಮ್ಮನ್ನು ಉಂಟುಮಾಡಿದಾತನ ಕೈಯಲ್ಲಿವೆ. ಬದುಕಲಾರದ ಮಗನೆಂದು ತಾಯಿಯು ನಂಬಿದ ಮನೆಯಲ್ಲಿ ಮಗುವಿಗೆ ಶಿಕ್ಷೆಯೂ ಬುದ್ಧಿಯೂ ಹೇಗೆ ದೊರಕೀತು?

1853ರಲ್ಲಿ ರಾಜನು ಪ್ರಾಯಕ್ಕೆ ಬಂದನು. ಟೇಲರನು ಸಂಸ್ಥಾನವನ್ನು ಒಳ್ಳೇ ಸ್ಥಿತಿಯಲ್ಲಿ ಅವನ ವಶಕ್ಕೆ ಒಪ್ಪಿಸಿ ಹೊರಟನು. ಅದೇ ವರುಷ ನಿಜಾಮನು ತನ್ನ ಸಾಲಕ್ಕೂ ದಂಡಿನ ವೆಚ್ಚಕ್ಕೂ ಪ್ರತಿಯಾಗಿ ವಱ್ಹಾಡ, ರಾಯಚೂರು ದೋಆಬ, ನಳದುರ್ಗ ಈ ಸೀಮೆಗಳನ್ನು ಕಂಪನಿ ಸರಕಾರದ ವಶಕ್ಕೆ ಕೊಡಬೇಕಾಯಿತು. ನಳದುರ್ಗದ ಆಡಳಿತವು ಟೇಲರನ ಪಾಲಿಗೆ ಬಂತು. ಅಲ್ಲಿ ಅವನು ಹೊಲಗಳ ಮೋಜಣಿಯನ್ನು ಆರಂಭಿಸಿ, ಆ ಕೆಲಸಕ್ಕೆ ಆ ಸೀಮೆಯವರನ್ನೇ ಕಲಿಸಿ ತಯಾರು ಮಾಡಿದನು. ಇಷ್ಟು ಭೂಮಿ, ಇಷ್ಟು ಕಂದಾಯ ಎಂದು ಗೊತ್ತಾದಮೇಲೆ ನಡುವಿನವರು ಮನಸ್ಸಿಗೆ ಬಂದಂತೆ ವಸೂಲು ಮಾಡುವದಕ್ಕೆ ದಾರಿಯಿಲ್ಲ. ರಯತರು ಇದನ್ನು ಅರಿತುಕೊಂಡರು. ಅವರು ಪ್ರೀತಿಯಿಂದ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ದೇವರ ಹೆಸರನ್ನು ಮನುಷ್ಯನಿಗೆ ಇಡುವದನ್ನು ನಾವು ಒಪ್ಪುವದಿಲ್ಲ. ಆದರೂ ನ್ಯಾಯಕ್ಕೆ ಹಸಿದ ಜನರು ಅಷ್ಟಿಷ್ಟು ನ್ಯಾಯವನ್ನು ಕಂಡಾಗ ಎಷ್ಟು ಸಂತೋಷಪಟ್ಟರೆಂಬದಕ್ಕೆ ಇದು ಸಾಕ್ಷಿಯಾಗಿದೆ.

1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳು ತಿರುಗಿಬಿದ್ದರು. ವಱ್ಹಾಡದ ಉತ್ತರ ಭಾಗವಾದ ಬುಲಢಾಣಾ ಸೀಮೆಯು ಕೈತಪ್ಪಿ ಹೋಗುವದೆಂಬ ಭಯವಿತ್ತು. ರೆಸಿಡೆಂಟನು ಟೇಲರನಿಗೆ ಅಲ್ಲಿಗೆ ಹೋಗೆಂದು ಅಪ್ಪಣೆ ಕೊಟ್ಟನು. ಆದರೆ ಕೊಡುವದಕ್ಕೆ ದಂಡು ಇರಲಿಲ್ಲ. ಜನರಲ್ಲಿ ತನಗಿದ್ದ ಹೆಸರೊಂದನ್ನೇ ಆಧಾರ ಮಾಡಿಕೊಂಡು ಆ ಸೀಮೆಯನ್ನು ಶಾಂತವಾಗಿ ಇಡಬೇಕಾಯಿತು. ಅವನು ಹೋದನು, ಊರೂರು ತಿರುಗಿದನು, ಪಟೇಲರನ್ನೂ ದೇಶಮುಖರನ್ನೂ ಕಂಡು ಮಾತಾಡಿದನು. ಸುತ್ತಲೂ ಬೆಂಕಿ ಹತ್ತಿದ್ದಾಗ ಆ ಸೀಮೆಯು ಶಾಂತವಾಗಿಯೇ ಉಳಿಯಿತು. ಮೂವತ್ತು ವರುಷ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟ ನಂಬಿಕೆಯು ಆ ಒಂದು ವರುಷದಲ್ಲಿ ಕೋಟೆಯಾಗಿ ನಿಂತಿತು.

ಆದರೆ ಅವನ ಹೃದಯಕ್ಕೆ ಕತ್ತಿಯು ಬೇರೆ ದಿಕ್ಕಿನಿಂದ ತಗಲಿತು. ಟೇಲರನು ಬಿಟ್ಟುಹೋದ ಐದು ವರುಷಗಳಲ್ಲಿ ಸುರಪುರದ ಬೊಕ್ಕಸವು ಬರಿದಾಗಿತ್ತು, ಆಡಳಿತವು ಸಡಲಿತ್ತು. ಇತ್ತ ದೇಶದಲ್ಲೆಲ್ಲಾ ಪರದೇಶಸ್ಥರ ಆಳಿಕೆಯನ್ನು ಕಿತ್ತುಹಾಕಬೇಕೆಂಬ ಕೂಗು ಎದ್ದಿತ್ತು. ತರುಣ ರಾಜನು ಆ ಪಕ್ಷವನ್ನು ಹಿಡಿದನು. 1858ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಬೇಡರು ಊರ ಹತ್ತಿರ ಇಳಿದಿದ್ದ ಆಂಗ್ಲ ದಂಡಿನ ಮೇಲೆ ರಾತ್ರಿಯಲ್ಲಿ ಬಿದ್ದರು. ಮರುದಿನದ ಕಾಳಗದಲ್ಲಿ ನ್ಯೂಬೆರಿ ಎಂಬ ಕಪ್ತಾನನು ಸತ್ತನು. ಹೊಸ ದಂಡುಗಳು ಬಂದು ಸೇರಿದ್ದರಿಂದ ಊರು ಬಿತ್ತು. ರಾಜನು ಹೈದರಾಬಾದಿಗೆ ಓಡಿಹೋಗಿ ಅಲ್ಲಿ ಸೆರೆಸಿಕ್ಕಿದನು. ದಂಡಿನ ನ್ಯಾಯಾಧಿಪತಿಗಳು ಅವನಿಗೆ ಮರಣದಂಡನೆಯನ್ನು ವಿಧಿಸಿದರು.

ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ಅಪ್ಪಾ ಎಂದು ಕರೆದ ಹುಡುಗನು ಸರಪಣಿಯಲ್ಲಿದ್ದನು. ಸಾಕಿದ ಅಪ್ಪನು ಅವನನ್ನು ಸೆರೆಹಿಡಿದ ಸರಕಾರದ ಉಡುಪಿನಲ್ಲಿದ್ದನು. ಇಬ್ಬರೂ ಅತ್ತರು. ತನ್ನ ಸಂಗಡ ಸಂಚಿನಲ್ಲಿದ್ದವರು ಯಾರೆಂದು ಹೇಳುವದಕ್ಕೆ ರಾಜನು ಒಪ್ಪಲಿಲ್ಲ. ತನ್ನ ಪ್ರಾಣಕ್ಕಾಗಿ ಇತರರ ಪ್ರಾಣಗಳನ್ನು ಮಾರಲಿಲ್ಲ. ಈ ಗುಣವನ್ನು ಟೇಲರನು ಮರೆಮಾಡದೆ ಬರೆದಿದ್ದಾನೆ. ರೆಸಿಡೆಂಟನು ಮರಣದಂಡನೆಯನ್ನು ತೆಗೆದು ಗಡೀಪಾರಿನ ಶಿಕ್ಷೆಯನ್ನು ಕೊಟ್ಟನು. ಗವರ್ನರ್ ಜನರಲನು ಅದನ್ನೂ ತಗ್ಗಿಸಿ, ಮದ್ರಾಸಿನ ಹತ್ತಿರದ ಚೆಂಗಲಪಟ್ಟಿನಲ್ಲಿ ನಾಲ್ಕು ವರುಷ ಸೆರೆಯಲ್ಲಿದ್ದರೆ ಸಾಕೆಂದೂ ನಡತೆಯು ಸರಿಯಾಗಿದ್ದರೆ ಸಂಸ್ಥಾನವು ತಿರುಗಿ ದೊರಕಬಹುದೆಂದೂ ತಿಳಿಸಿದನು. ಟೇಲರನಿಗೆ ಬಹಳ ಆಶೆಯಾಯಿತು. ಆದರೆ ಮೇ ತಿಂಗಳಲ್ಲಿ ರಾಜನನ್ನು ಕರಕೊಂಡು ಹೊರಟ ಪ್ರಯಾಣದ ಮೊದಲನೆಯ ಇಳಿದಾಣದಲ್ಲಿಯೇ ಪಿಸ್ತೂಲಿನ ಗುಂಡಿನಿಂದ ಅವನ ಪ್ರಾಣವು ಹೋಯಿತು. ಕಾವಲಿನ ಅಧಿಕಾರಿಯು ಅಲ್ಲಿಯೇ ಇಟ್ಟಿದ್ದ ಪಿಸ್ತೂಲನ್ನು ತೆಗೆದುಕೊಂಡು ರಾಜನು ತಾನೇ ಹಾರಿಸಿಕೊಂಡನೆಂದು ಸರಕಾರಕ್ಕೆ ವರದಿ ಬಂತು. ಸುರಪುರದ ಕಡೆಯಲ್ಲಿ ಈ ಮಾತನ್ನು ನಂಬದವರೂ ಇದ್ದಾರೆ.

ದಾವೀದನು ಅಬ್ಷಾಲೋಮನಿಗಾಗಿ ಊರಬಾಗಿಲಿನ ಮೇಲಿನ ಕೋಣೆಯಲ್ಲಿ ಅತ್ತದ್ದನ್ನು ನಾವು ಸಭೆಯಲ್ಲಿ ಓದುತ್ತೇವೆ. ಟೇಲರನ ದುಃಖವೂ ಅಂಥದೇ. ಆದರೆ ಇಲ್ಲಿ ಒಂದು ಭೇದವನ್ನು ಗುರುತಿಸದೆ ಇರುವದು ಸತ್ಯಕ್ಕೆ ಸರಿಯಲ್ಲ. ಅಬ್ಷಾಲೋಮನು ತನ್ನ ತಂದೆಯ ಸಿಂಹಾಸನವನ್ನು ಕದಿಯಲಿಕ್ಕೆ ಎದ್ದನು. ವೆಂಕಟಪ್ಪ ನಾಯಕನು ತನ್ನ ಪೂರ್ವಿಕರ ಸಿಂಹಾಸನವನ್ನು ಪರರ ಕೈಯಿಂದ ಬಿಡಿಸುವದಕ್ಕೆ ಎದ್ದನು. ಆದಕಾರಣ ಕನ್ನಡ ನಾಡು ಇಂದು ಅವನನ್ನು ಸ್ವಾತಂತ್ರ್ಯದ ವೀರರಲ್ಲಿ ಎಣಿಸುತ್ತದೆ, ಅದು ಯುಕ್ತವೇ. ಟೇಲರನು ಹುಡುಗನನ್ನು ನಿಜವಾಗಿ ಪ್ರೀತಿಸಿದನು. ಆದರೆ ಅವನು ಪರರ ಆಳಿಕೆಯ ಸೇವಕನಾಗಿಯೇ ಪ್ರೀತಿಸಿದನು. ಒಳ್ಳೇ ದಾರಿ, ಒಳ್ಳೇ ಕೆರೆ, ಸರಿಯಾದ ಲೆಕ್ಕ ಇವೆಲ್ಲವನ್ನೂ ಅವನು ಕೊಡಬಲ್ಲವನಾಗಿದ್ದನು; ಬೇಡರಿಗೆ ಅವರ ಸ್ವಂತ ದೊರೆತನವನ್ನು ಕೊಡುವದು ಅವನ ಕೈಯಲ್ಲಿರಲಿಲ್ಲ. ಒಬ್ಬ ಮನುಷ್ಯನು ಎಷ್ಟು ಒಳ್ಳೆಯವನಾದರೂ ತಾನು ಹೊತ್ತಿರುವ ನೊಗದ ಅನ್ಯಾಯವನ್ನು ತನ್ನ ಒಳ್ಳೇತನದಿಂದಲೇ ಅಳಿಸಲಾರನು.

ಆ ಮೇಲೆ ಸರಕಾರವು ಸುರಪುರವನ್ನು ನೋಡಿಕೊಳ್ಳುವದಕ್ಕೆ ಟೇಲರನನ್ನೇ ಕಳುಹಿಸಿತು. ಮಗನಿಲ್ಲದ ಮನೆಗೆ ತಿರುಗಿ ಬಂದಂತೆ ಅವನು ಬಂದನು. ಕೆಲಸವನ್ನು ಬಿಡದೆ ಮಾಡಿದನು. 1860ರಲ್ಲಿ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು. ರಾಯಚೂರೂ ನಳದುರ್ಗವೂ ನಿಜಾಮನಿಗೆ ತಿರುಗಿ ಹೋದವು. ಹೀಗೆ ಅವನು ದುಡಿದ ಸೀಮೆಗಳೆಲ್ಲಾ ಬೇರೆಯವರ ಕೈ ಸೇರಿದ ವರುಷದಲ್ಲಿಯೇ ಅವನು ಶರೀರವು ಕುಗ್ಗಿದವನಾಗಿ ಸ್ವದೇಶಕ್ಕೆ ಹೊರಟನು. ಮೂವತ್ತಾರು ವರುಷಗಳ ದುಡಿತವು ಮುಗಿಯಿತು.

ಅನಂತರ ಅವನು ಐರ್ಲಂಡಿನ ಡಬ್ಲಿನ್ ಪಟ್ಟಣದ ಹತ್ತಿರ ವಾಸಮಾಡುತ್ತಾ, ದಖ್ಖಣದ ಚರಿತ್ರೆಯನ್ನು ಆಧಾರ ಮಾಡಿಕೊಂಡು ಕಾದಂಬರಿಗಳನ್ನು ಬರೆದನು. ಅವುಗಳಲ್ಲಿ 1863ರಲ್ಲಿ ಬಂದ ತಾರಾ ಎಂಬದು ತುಳಜಾಪುರದ ಸೀಮೆಯ ಕಥೆಯು. ಇನ್ನೊಂದು ವಿಜಾಪುರ ಅಹಮದನಗರಗಳ ಚಾಂದಬೀಬಿಯ ಕಥೆಯಾಗಿದೆ. ಸುರಪುರ ಸೀಮೆಯ ರಾಜನಕೋಳೂರು ಮೊದಲಾದ ಸ್ಥಳಗಳಲ್ಲಿರುವ ಪುರಾತನ ಕಲ್ಲುಗೋರಿಗಳನ್ನು ಅವನು ಸೇವೆಯಲ್ಲಿದ್ದಾಗಲೇ ಅಳೆದು ಬರೆದಿದ್ದನು. ಪ್ರಾಚೀನ ಶೋಧಕರು ಆ ಬರಹಗಳನ್ನು ಇಂದಿಗೂ ಗೌರವಿಸುತ್ತಾರೆ. 1869ರಲ್ಲಿ ಸರಕಾರವು ಅವನಿಗೆ ಸ್ಟಾರ್ ಆಫ್ ಇಂಡಿಯಾ ಎಂಬ ಬಿರುದನ್ನು ಕೊಟ್ಟಿತು. ಮುಪ್ಪಿನಲ್ಲಿ ಕಣ್ಣಿನ ದೃಷ್ಟಿಯು ಹೋಗುತ್ತಾ ಬಂತು. ಆದರೂ ಒಂದು ಸಾರಿ ಈ ದೇಶವನ್ನು ಮುಟ್ಟಬೇಕೆಂದು 1875ರಲ್ಲಿ ಹೈದರಾಬಾದಿಗೆ ಬಂದನು. ಮಂತ್ರಿಯಾದ ಸರ್ ಸಾಲಾರಜಂಗನು ಅವನನ್ನು ಆದರಿಸಿದನು. ಅಲ್ಲಿ ಜ್ವರ ಹತ್ತಿ, ತಿರುಗಿ ಹೋಗುವ ಮಾರ್ಗದಲ್ಲಿ ಫ್ರಾನ್ಸ್ ದೇಶದ ಮೆಂಟನ್ ಎಂಬ ಊರಲ್ಲಿ 1876ನೆಯ ಇಸವಿ ಮೇ 13ರಲ್ಲಿ ತೀರಿಕೊಂಡನು. ಅವನು ಬರೆದಿಟ್ಟ ಆತ್ಮಚರಿತ್ರೆಯನ್ನು ಮಗಳಾದ ಆಲಿಸಳು ಮಾರನೆಯ ವರುಷ ಪ್ರಕಟಿಸಿದಳು.

ಪ್ರಿಯರೇ, ಈ ಚರಿತ್ರೆಯಿಂದ ನಾವು ಏನನ್ನು ಕಲಿಯೋಣ? ನಮ್ಮಲ್ಲಿ ಸೀಮೆಯನ್ನು ಆಳುವವರು ವಿರಳ. ಆದರೆ ಪಂಚಾಯತಿಯಲ್ಲಿ ಕೂತುಕೊಳ್ಳುವವರೂ, ಸಭೆಯ ಕಾಣಿಕೆಯ ಲೆಕ್ಕವನ್ನು ಇಡುವವರೂ, ಅಂಗಡಿಯಲ್ಲಿ ತಕ್ಕಡಿ ಹಿಡಿಯುವವರೂ, ಕೂಲಿಯವರಿಗೆ ಸಂಜೆಯಲ್ಲಿ ಕೂಲಿ ಕೊಡುವವರೂ ಇದ್ದಾರೆ. ಅಪಾಯದ ದಿವಸದಲ್ಲಿ ನಮ್ಮನ್ನು ಕಾಯುವ ನಂಬಿಕೆಯು ಆ ದಿವಸದಲ್ಲಿಯೇ ಹುಟ್ಟುವದಿಲ್ಲ. ಅದು ತಕ್ಕಡಿಯ ಮುಂದೆಯೂ ಲೆಕ್ಕದ ಪುಸ್ತಕದ ಮುಂದೆಯೂ ಬಹು ವರುಷಗಳಿಂದ ಬೆಳೆದು ಬರಬೇಕು. ಸಮುವೇಲನು ಮುಪ್ಪಿನಲ್ಲಿ ಜನರೆಲ್ಲರ ಮುಂದೆ ನಿಂತು ತನ್ನ ಕೈ ಶುದ್ಧವೆಂದು ಹೇಳಬಲ್ಲವನಾಗಿದ್ದದ್ದು ಹೀಗೆಯೇ.

ಎರಡನೆಯದಾಗಿ, ಮಕ್ಕಳ ವಿಷಯದಲ್ಲಿ ಎದೆಯೊಡೆದ ತಾಯಿತಂದೆಗಳು ನಮ್ಮ ಸಭೆಗಳಲ್ಲಿ ಇಲ್ಲದೆ ಇಲ್ಲ. ಪ್ರಾರ್ಥನೆ ಮಾಡಿ ಬೆಳಸಿದ ಮಗನು ಊರು ಬಿಟ್ಟು ಹೋದನು, ಮಾತು ಮೀರಿದನು, ತಾವು ಒಪ್ಪದ ದಾರಿಯನ್ನು ಹಿಡಿದನು. ಅಂಥವರು ತಮ್ಮ ಪ್ರಯಾಸವೆಲ್ಲಾ ವ್ಯರ್ಥವಾಯಿತೆಂದು ತಿಳಿಯಬಾರದು. ಕೆರೆಗೆ ಏರಿಯನ್ನು ಕಟ್ಟುವದು ನಮ್ಮ ಕೆಲಸ. ಮಳೆಯು ನಮ್ಮ ಅಪ್ಪಣೆಯಿಂದ ಬರುವದಿಲ್ಲ. ಮನೆವಾರ್ತೆಯವನ ಹತ್ತಿರ ಯಜಮಾನನು ಕೇಳುವದು ನಂಬಿಗಸ್ತಿಕೆಯನ್ನೇ ಹೊರತು ಜಯವನ್ನಲ್ಲ. ಟೇಲರನು ಸೆರೆಮನೆಯ ಬಾಗಿಲನ್ನು ತೆರೆಯಲಾರದೆ ಹೋದರೂ ಒಳಗೆ ಹೋಗಿ ಮಗನ ಸಂಗಡ ಕೂತನು. ನಮ್ಮ ಮಕ್ಕಳನ್ನು ಅವರ ಸಂಕಟದಿಂದ ಬಿಡಿಸುವದು ನಮ್ಮಿಂದಾಗದಿದ್ದಾಗಲೂ ಅವರ ಬಳಿಗೆ ಹೋಗುವದು ನಮ್ಮಿಂದಾಗುತ್ತದೆ. ಹಾಗೆ ಹೋಗುವ ತಂದೆತಾಯಿಗಳಿಗೆ ನಮ್ಮ ಪರಲೋಕದ ತಂದೆಯು ಬಲವನ್ನು ಕೊಡಲಿ.